ಊಟ ಆಯ್ತಾ ಎಂದು ಕೇಳಿದ್ದಕ್ಕೆ

ಅವಳಿಗೆ ಪ್ರಶ್ನೆಪತ್ರಿಕೆ ಎಂದು ಅಡ್ಡಹೆಸರಿಟ್ಟವನು ಸೋದರಮಾವ. ಮಾತು ಬಂದಂದಿನಿಂದ ಕಂಡಕಂಡವರನ್ನೆಲ್ಲ ಪ್ರಶ್ನೆ ಕೇಳಿ ಸುಸ್ತು ಮಾಡುತ್ತಿದ್ದ ಹುಡುಗಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಇತಿಹಾಸ ಓದಲು ಅವಳು ಪರದೇಶಕ್ಕೆ ಹೊರಟಾಗ, "ಸದ್ಯ, ಇನ್ಮೇಲೆ ಸತ್ತೋರನ್ನ ಕೇಳ್ಲಿ, ನಮ್ಮ ಜೀವ ಉಳೀತು" ಎಂದು ಮಾವ ಕೈಮುಗಿದಿದ್ದ. ಪಾಪ, ಅಲ್ಲಿ ಹೋಗಿಯೂ ಅವಳು ಬದುಕಿರುವವರ ಬೆನ್ನೇ ಹತ್ತಿದಳು.

ಅವಳ ವಿಶ್ವವಿದ್ಯಾಲಯವಿದ್ದ ಊರಿನಲ್ಲಿ ಹಿಂದೊಂದು ಕಾಲುಚೀಲದ ಕಾರ್ಖಾನೆ ಇತ್ತು. ಅದು ಮುಚ್ಚಿ ಎಷ್ಟೋ ವರ್ಷವಾಗಿ, ಕಟ್ಟಡದ ಒಂದು ಮಗ್ಗುಲಲ್ಲಿ ಮ್ಯೂಸಿಯಂ ಆಗಿತ್ತು. ಅಲ್ಲಿ ದುಡಿದ ಹೆಂಗಸರ ಮೇಲೆ ಪ್ರಬಂಧ ಬರೆಯುತ್ತೇನೆಂದು ಅವಳು ಹೇಳಿದಾಗ ಸಂಶೋಧನೆಯ ಗೈಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ದೇಶದ ಬಗ್ಗೆ ಬರೀಬಹುದಲ್ಲ? ನಮ್ಮೂರಿನ ವಿಷಯ ನಿಮಗ್ಯಾಕೆ?"

"ನಮ್ಮ ದೇಶದ ಬಗ್ಗೆ ಬರೆಯೋಕೆ ನಿಮ್ಮೋರು ಬಂದಾಗ ನಾವು ಹೀಗೆ ಕೇಳ್ಲಿಲ್ವಲ್ಲ ಮೇಡಂ."

ಮೇಡಂಗೆ ನಗು ಬಂತು, ಆದರೆ ಪಟ್ಟು ಬಿಡಲಿಲ್ಲ. ಮ್ಯೂಸಿಯಂನ ಗೋಡೆಯ ಫಲಕಗಳಲ್ಲಿಲ್ಲದ ಒಂದು ಸಂಗತಿಯನ್ನಾದರೂ ಅವಳು ವಿಷಯ ಒಪ್ಪುವ ಸಮಿತಿಯ ಮುಂದಿಡಬೇಕು. ಇಟ್ಟರೆ ಈ ವಿಷಯ ಅವಳದ್ದು. ಇಲ್ಲದಿದ್ದರೆ ಇದನ್ನು ಕೈಬಿಟ್ಟು, ಹೊಸ ವಿಷಯ ಹುಡುಕಿ, ಮತ್ತೆ ಮೊದಲಿಂದ ಶುರು. ಅವಳು ಧೈರ್ಯವಾಗಿ ಆಗಲಿ ಎಂದಳು. ಕೇಳುವುದೊಂದೇ ಕೆಲಸವಾದರೆ ತನ್ನನ್ನು ಮೀರಿಸುವವರು ಯಾರು ಎಂಬ ಜಂಬ ಅವಳಿಗೆ ಇದ್ದೇ ಇತ್ತು.

ಮೇಡಂ ಒಪ್ಪಿದ ಪ್ರಶ್ನೆಗಳನ್ನು ಹಿಡಿದು ಅವಳು ಮನೆಮನೆ ಸುತ್ತಿದಳು. ಮುದುಕಿಯರೆಲ್ಲ ಬಾಗಿಲು ತೆರೆದರು, ಬಿಸ್ಕತ್ತು ಕೊಟ್ಟರು, ಉತ್ತರವನ್ನೂ ಕೊಟ್ಟರು. ಸಂಬಳ ಸರಿಯಾಗಿ ಬರ್ತಿತ್ತಾ? ಬರ್ತಿತ್ತು. ಊಟದ ಹಾಲ್ ಇತ್ತಾ? ಓ, ದೊಡ್ಡ ಹಾಲ್, ಒಳ್ಳೇ ಕಿಟಕಿಗಳು. ಒಬ್ಬಳು ಹೇಳಿದ್ದನ್ನೇ ಇನ್ನೊಬ್ಬಳು ಹೇಳಿದಳು. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗಿತ್ತು.

ರೆಕಾರ್ಡಿಂಗ್ ಕೇಳಿ ಮೇಡಂ ತಲೆಯಾಡಿಸಿದರು. "ಇದೆಲ್ಲ ಗೋಡೆ ಮೇಲೆ ಇರೋದೇ. ಅದಿರ್ಲಿ, ಎಲ್ಲರನ್ನೂ ಊಟ ಆಯ್ತಾ, ಊಟ ಆಯ್ತಾ ಅಂತ ಯಾಕೆ ಕೇಳಿದ್ದೀರಿ? ನಾವು ಒಪ್ಪಿದ ಪ್ರಶ್ನೆಗಳಲ್ಲಿ ಅದು ಇಲ್ವಲ್ಲ."

ಅವಳು ನಾಲಿಗೆ ಕಚ್ಚಿಕೊಂಡಳು. ಕೇಳಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅದು ಪ್ರಶ್ನೆಯಾದರೂ ಯಾಕಾಗುತ್ತದೆ? ಯಾರದೇ ಮನೆಯ ಹೊಸ್ತಿಲು ದಾಟಿದರೂ ಬಾಯಿಗೆ ಮೊದಲು ಬರುವ ಮಾತು. ಅದನ್ನವಳು ಆ ಊರಿನ ಭಾಷೆಗೆ ತಿರುಗಿಸಿ, ನಡುಮಧ್ಯಾಹ್ನವೋ ಮುಸ್ಸಂಜೆಯೋ ನೋಡದೆ ಕೇಳಿಕೊಂಡು ಬಂದಿದ್ದಳು. ಎಲ್ಲರೂ ಬಿಸ್ಕತ್ತು ತಂದಿಟ್ಟಿದ್ದು ಯಾಕೆಂದು ಆಗ ಹೊಳೆಯಿತು. ಹುಡುಗಿ ಹಸಿದು ಬಂದಿದ್ದಾಳೆ ಎಂದುಕೊಂಡಿದ್ದರು.

"ಕತ್ತರಿಸಿ ಹಾಕಿ," ಎಂದರು ಮೇಡಂ. "ಸಮಿತಿಯೋರು ನಗ್ತಾರೆ."

ಅವಳಿಗೆ ಅವಮಾನವಾಯಿತು. ಗ್ರಂಥಾಲಯದ ಮೂಲೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ರೆಕಾರ್ಡಿಂಗಿನ ನಕಲಿನಿಂದ ಒಂದೊಂದೇ 'ಊಟ ಆಯ್ತಾ'ವನ್ನು ಹುಡುಕಿ ಅಳಿಸತೊಡಗಿದಳು. ಅಳಿಸುವ ಮೊದಲು ಉತ್ತರ ಕೇಳಲೇಬೇಕಲ್ಲ, ಕೇಳಿದಳು. "ಆಯ್ತಮ್ಮ, ಕೂತ್ಕೊಂಡೇ ಮಾಡ್ದೆ" ಎಂದಿದ್ದಳು ಒಬ್ಬಳು. "ಆಯ್ತು, ಬಿಸಿಬಿಸಿಯಾಗೇ" ಎಂದು ಇನ್ನೊಬ್ಬಳು. "ಆಯ್ತು. ಈಗೇನು, ಎರಡು ಕೈಯಲ್ಲೂ ತಿನ್ನಬಹುದು" ಎಂದು ಮತ್ತೊಬ್ಬಳು ನಕ್ಕಿದ್ದಳು. ಅಳಿಸುತ್ತಿದ್ದ ಬೆರಳು ಅಲ್ಲೇ ನಿಂತಿತು. ಊಟ ಆಯ್ತಾ ಎಂದರೆ ಹೂಂ ಅನ್ನಬೇಕು, ಇಲ್ಲ ಅನ್ನಬೇಕು. ಕೂತ್ಕೊಂಡೇ ಮಾಡಿದೆ ಎಂದು ಯಾರಾದರೂ ಹೇಳುತ್ತಾರೆಯೇ?

ಮಾರನೆಯ ದಿನವೇ ಅವಳು ಹಿಮ್ಮಡಿ ಅಜ್ಜಿಯ ಮನೆಗೆ ಓಡಿದಳು. ಕಾಲುಚೀಲದ ಹಿಮ್ಮಡಿ ಹೆಣೆಯುವ ಯಂತ್ರದ ಮುಂದೆ ಆಯುಷ್ಯ ಕಳೆದವಳಿಗೆ ಈ ಹುಡುಗಿಯೇ ಇಟ್ಟ ಹೆಸರದು.

"ಅಜ್ಜಿ, ಆ ಹಾಲ್‌ನಲ್ಲಿ ನೀವು ಊಟ ಮಾಡ್ತಿದ್ರಾ?"

ಅಜ್ಜಿ ಅವಳನ್ನು ವಿಚಿತ್ರವಾಗಿ ನೋಡಿದಳು. "ಹಾಲ್‌ನಲ್ಲಾ? ಅದು ದೊಡ್ಡೋರು ಬಂದಾಗ ತೋರ್ಸೋಕೆ! ನಾವು ಯಂತ್ರದ ಹತ್ರಾನೇ, ನಿಂತ್ಕೊಂಡು. ಒಂದು ಕೈ ನೂಲಿನ ಮೇಲೆ, ಇನ್ನೊಂದು ಕೈಯಲ್ಲಿ ತುತ್ತು. ನಿಲ್ಲಿಸಿದ್ರೆ ಹೆಣಿಗೆ ಬಿಚ್ಚಿಹೋಗ್ತಿತ್ತು."

"ಮತ್ತೆ ಮೊನ್ನೆ ಕೇಳಿದಾಗ ಹೇಳ್ಲೇ ಇಲ್ಲ!"

"ಹಾಲ್ ಇತ್ತಾ ಅಂದೆ ನೀನು, ಇತ್ತು ಅಂದೆ ನಾನು. ಅಲ್ಲಿ ತಿಂದ್ರಾ ಅಂತ ನೀನೆಲ್ಲಿ ಕೇಳಿದೆ?"

ಪ್ರಶ್ನೆಪತ್ರಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ? ಆದರೂ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಉಳಿದವರ ಮನೆಗಳಿಗೂ ಹೋಗಿ ಕೇಳಿದಳು. ಎಲ್ಲರದ್ದೂ ಅದೇ ಕಥೆ, ನಿಂತುಕೊಂಡೇ.

ಸಮಿತಿಯ ಮುಂದೆ ಅವಳು ಏನನ್ನೂ ಕತ್ತರಿಸದ ಮೂಲ ರೆಕಾರ್ಡಿಂಗನ್ನೇ ಕೇಳಿಸಿದಳು. ಮೊದಲ 'ಊಟ ಆಯ್ತಾ' ಕೇಳಿದಾಗ ಅವರು ನಕ್ಕರು. ಮೂರನೆಯದಕ್ಕೆ ಯಾರೂ ನಗಲಿಲ್ಲ. ಸಮಿತಿಯಲ್ಲಿದ್ದ, ಮ್ಯೂಸಿಯಂ ನೋಡಿಕೊಳ್ಳುವ ಹಿರಿಯರಿಗೆ ಮಾತ್ರ ಸಿಟ್ಟು ಬಂತು.

"ಮುದುಕೀರಿಗೆ ಮರೆವು. ಹಾಲ್‌ನಲ್ಲಿ ಎಲ್ಲರೂ ಊಟಕ್ಕೆ ಕೂತಿರೋ ಫೋಟೋನೇ ನಮ್ಮಲ್ಲಿದೆ."

"ತಂದಿದ್ದೀನಿ ಸರ್." ಅವಳು ಅದನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದಳು. "ತಟ್ಟೆಗಳನ್ನ ನೋಡಿ. ಒಂದರಲ್ಲೂ ಅಗುಳಿಲ್ಲ. ಕೈಗಳನ್ನ ನೋಡಿ. ಎಲ್ಲರದ್ದೂ ಮಡಿಲಲ್ಲಿದೆ. ಇದು ಊಟ ಅಲ್ಲ ಸರ್, ಊಟದ ಫೋಟೋ."

ಹಿರಿಯರು ಎದ್ದು ಪರದೆಯ ಹತ್ತಿರ ಹೋಗಿ ನೋಡಿದರು. ತಟ್ಟೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿ, ಬಂದು ಕೂತರು. ಗೈಡ್ ಮೇಡಂ ಮಾತ್ರ ಮುಖದ ಮೇಲಿನ ಹೆಮ್ಮೆಯನ್ನು ಮುಚ್ಚಿಡಲು ಹೋಗಲಿಲ್ಲ.

"ವಿಷಯ ನಿಮ್ಮದೇ," ಎಂದರು. "ಆ ಪ್ರಶ್ನೇನ ಪಟ್ಟಿಗೆ ಸೇರಿಸ್ಕೊಳ್ಳಿ. ಮೊದಲನೇದಾಗಿ."

ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಹಚ್ಚಿದಳು. ಅಮ್ಮ ಹೊಲಿಗೆ ಅಂಗಡಿಯಲ್ಲಿದ್ದಳು. ಕತ್ತರಿಯ ಸದ್ದು ಇಲ್ಲಿಗೇ ಕೇಳುತ್ತಿತ್ತು.

"ಊಟ ಆಯ್ತಾ?" ಅಮ್ಮನ ಮೊದಲ ಮಾತು.

"ಇನ್ನೂ ಇಲ್ಲಮ್ಮ. ಒಪ್ಪಿದ್ರು, ಗೆದ್ದೆ!"

"ಗೆಲ್ಲದೆ ಏನು. ನಿನ್ನ ಬಾಯಿ ಮುಂದೆ ಯಾರು ನಿಲ್ತಾರೆ?" ಅಮ್ಮ ನಕ್ಕಳು. ಕತ್ತರಿ ಮಾತ್ರ ನಿಲ್ಲಲಿಲ್ಲ.

ಆ ಸದ್ದಿಗೆ ಅವಳಿಗೆ ಕಟಿಂಗ್ ಟೇಬಲ್ಲು ಕಣ್ಣಿಗೆ ಕಟ್ಟಿತು. ಅದರ ಅಂಚಿನಲ್ಲೊಂದು ತಟ್ಟೆ. ನಿಂತೇ ಇರುವ ಅಮ್ಮನ ಎಡಗೈ ಜಾರುವ ಬಟ್ಟೆಯ ಮೇಲೆ, ಬಲಗೈಯಲ್ಲಿ ತುತ್ತು. ಹುಟ್ಟಿದಂದಿನಿಂದ ಕಂಡ ನೋಟ. ಊರವರನ್ನೆಲ್ಲ ಪ್ರಶ್ನೆ ಕೇಳಿದವಳು ಇಲ್ಲಿ ಒಂದೂ ಕೇಳಿರಲಿಲ್ಲ.

"ನಿಂದು ಊಟ ಆಯ್ತಾಮ್ಮ?"

"ಹೂಂ, ಆಯ್ತು."

"ಕೂತ್ಕೊಂಡು ಮಾಡಿದ್ಯಾ?"

ಕತ್ತರಿ ನಿಂತಿತು.

"ಇದೇನೇ, ಹೊಸ ಪ್ರಶ್ನೆ?" ಎಂದಳು ಅಮ್ಮ. ನೆಲದ ಮೇಲೆ ಏನನ್ನೋ ಎಳೆದ ಸದ್ದಾಯಿತು.

"ಇರು, ಸ್ಟೂಲ್ ಹಾಕ್ಕೊಂಡೆ," ಎಂದಳು. "ಹೂಂ, ಕೂತೆ. ಈಗ ಕೇಳು."