ರಸ್ತೆಗೆ ಮುಖ ಮಾಡಿದ ಮನೆ

ಪ್ರತಿ ಶನಿವಾರ ಬೆಳಿಗ್ಗೆ ನಾನು ದೊಡ್ಡ ಮನೆಯ ಬೀಗ ತೆಗೆದು, ಕಿಟಕಿಗಳನ್ನು ತೆರೆದು, ಒದ್ದೆ ಬಟ್ಟೆಯಿಂದ ಸೋಫಾ ಒರೆಸುತ್ತೇನೆ. ಸೋಫಾ ಅಲ್ಲ, ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು. ಆಮೇಲೆ ಮೇಲಿನ ಮಹಡಿಗೆ ಹೋಗುತ್ತೇನೆ. ಅಲ್ಲಿ ಮಂಚಗಳಿವೆ, ಮಲಗಿದವರಿಲ್ಲ. ಕೊಳವೆ ಕಟ್ಟದಿರಲಿ ಎಂದು ಬಚ್ಚಲಿನ ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸುತ್ತೇನೆ. ಕಿಟಕಿ ಮುಚ್ಚಿ, ಬೀಗ ಹಾಕಿ, ಹಿಂದಿನ ದಿಬ್ಬ ಹತ್ತಿ ಅಲ್ಲಿ ಬೇರೆಯಾಗಿ ನಿಂತಿರುವ ಪುಟ್ಟ ಅಡಿಗೆಮನೆಗೆ ಬರುತ್ತೇನೆ. ಅಮ್ಮ ಮತ್ತು ನಾನು ಇರುವುದು ಅಲ್ಲಿ, ಒಂದೇ ಒಲೆಯ ಪಕ್ಕ ಎರಡು ಹಾಸಿಗೆ ಹಾಕಿಕೊಂಡು.

ಮಾರಾಮುರೆಶ್ ಸೀಮೆಯ ನಮ್ಮ ಕಣಿವೆಯಲ್ಲಿ ಮುಕ್ಕಾಲು ಪಾಲು ಜನ ಹೀಗೆಯೇ. ಮನೆ ರಸ್ತೆಗೆ, ಬದುಕು ಹಿತ್ತಲಿಗೆ.

ದೊಡ್ಡ ಮನೆ ಕಟ್ಟಿಸಿದವನು ನನ್ನ ಅಣ್ಣ ತ್ವಾದೆರ್. ಇಟಲಿಯಲ್ಲಿ ಗಾರೆ ಕೆಲಸ ಮಾಡುತ್ತಾನೆ. ಅಡಿಗೆಮನೆ ಇರುವ ದಿಬ್ಬ ಗಟ್ಟಿ ಬಂಡೆ. ಅಜ್ಜನ ಮರದ ಮನೆ ಅಲ್ಲೇ ಇತ್ತು. ಅಣ್ಣನೂ ಅಲ್ಲೇ ಕಟ್ಟಬಹುದಿತ್ತು. "ಅಲ್ಲಿ ಕಟ್ಟಿದ್ರೆ ಯಾರಿಗೆ ಕಾಣುತ್ತೆ?" ಅಂದ. ರಸ್ತೆ ಪಕ್ಕದ ಹುಲ್ಲುಗಾವಲಿಗೆ ಹಳ್ಳದ ಮಣ್ಣು ತುಂಬಿಸಿ, ಸಾಲ ಮಾಡಿ, ಎರಡು ಮಹಡಿ ಎಬ್ಬಿಸಿದ. ಆ ಸಾಲ ಇನ್ನೂ ಇದೆ.

ಈ ವರ್ಷ ಎದುರುಮನೆಯ ಗವ್ರೀಲ ಮೂರನೇ ಮಹಡಿ ಕಟ್ಟಿಸಿದ, ಹಸಿರು ಗಾಜಿನ ಬಾಲ್ಕನಿ ಸಮೇತ. ಯಾರೋ ಅದರ ಫೋಟೋ ತೆಗೆದು ಅಣ್ಣನಿಗೆ ಕಳಿಸಿದರು. ಅವತ್ತಿನಿಂದ ಅವನಿಗೂ ಮೂರನೇ ಮಹಡಿ ಬೇಕು. ಇನ್ನೊಂದು ಸಾಲಕ್ಕೆ ಅರ್ಜಿ ಹಾಕಿದ. ಅದಕ್ಕೆ ಜಾಮೀನಾಗಿ ದಿಬ್ಬ, ಅಡಿಗೆಮನೆ, ಪ್ಲಮ್ ತೋಟ ಎಲ್ಲವನ್ನೂ ಅಮ್ಮ ಬರೆದುಕೊಡಬೇಕು. ಸೋಮವಾರ ಪಟ್ಟಣಕ್ಕೆ ಹೋಗಿ ಸಹಿ ಹಾಕುವುದು ಎಂದಾಯಿತು.

"ಯಾವಾಗ ಊರಿಗೆ ಬರ್ತೀಯಾ?" ಎಂದು ನಾನು ಕೇಳಿದಾಗಲೆಲ್ಲ ಅಣ್ಣನದು ಒಂದೇ ಉತ್ತರ. "ಸಾಲ ತೀರಲಿ ವಿಯೋರಿಕಾ." ಹಳೆಯ ಸಾಲ ಇನ್ನೆರಡು ಚಳಿಗಾಲಕ್ಕೆ ತೀರುತ್ತದೆ. ಹೊಸದು ತೀರುವಷ್ಟರಲ್ಲಿ ಅವನ ತಲೆ ನರೆತಿರುತ್ತದೆ, ಅಮ್ಮ ಇರುತ್ತಾಳೋ ಇಲ್ಲವೋ. ನನಗೆ ಅದೊಂದೇ ಭಯ. ಆದರೆ ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಹಣದ ಮಾತು ಬಂದಾಗ ನನ್ನನ್ನು ಯಾರೂ ಕೇಳುವುದಿಲ್ಲ.

ಸಹಿಯ ಹಿಂದಿನ ದಿನ, ಭಾನುವಾರ, ಚರ್ಚಿನ ಪೂಜೆ ಮುಗಿಸಿ ಪರಸ್ಕಿವಕ್ಕ ನಮ್ಮಲ್ಲಿಗೆ ಬಂದಳು. ಅವಳು ದಿಬ್ಬದ ಮೇಲಿನ ನೆರೆಯವಳು. ಇಟಲಿಯಲ್ಲಿ ಮುದುಕರ ಸೇವೆ ಮಾಡಿ, ಕೂಡಿಟ್ಟದ್ದರಲ್ಲೇ ಬಂಡೆಯ ಮೇಲೆ ಎರಡು ಕೋಣೆ ಕಟ್ಟಿಕೊಂಡವಳು. ಊರವರು ಆ ಮನೆಯನ್ನು ಕೋಳಿಗೂಡು ಅನ್ನುತ್ತಾರೆ. ಚರ್ಚಿನ ಹೆಂಗಸರ ಉಳಿತಾಯ ಗುಂಪನ್ನು ನೋಡಿಕೊಳ್ಳುವವಳೂ ಅವಳೇ.

"ಏನೇ ನಸ್ತಾಸಿಯಾ, ಪೂಜೇಲಿ ತೂಕಡಿಸ್ತಿದ್ದೆ. ಪಾದ್ರಿ ನಿನ್ನನ್ನೇ ನೋಡ್ತಿದ್ರು," ಅಂದಳು ಅಮ್ಮನಿಗೆ.

"ತೂಕಡಿಕೆ ಅಲ್ಲ ಕಣೇ. ಯೋಚನೆ," ಎಂದು ಅಮ್ಮ ಸಹಿಯ ವಿಷಯ ಹೇಳಿದಳು.

"ಹಾಕ್ತೀಯಾ?"

"ಹಾಕ್ದೆ ಏನ್ಮಾಡ್ಲಿ? ಗವ್ರೀಲನ ಮನೆ ಎದುರಿಗೆ ನಮ್ದು ತಲೆ ಬೋಳಿಸಿದ ಹಾಗೆ ನಿಂತಿದೆ."

"ಗವ್ರೀಲ ಎಲ್ಲಿದಾನೆ?"

"ಸ್ಪೇನಲ್ಲಿ."

"ಹೆಂಡ್ತಿ, ಮಕ್ಳು?"

"ಅಲ್ಲೇ."

"ಮತ್ತೆ ಆ ಮೂರನೇ ಮಹಡೀಲಿ ಯಾರಿದಾರೆ?"

"ಪಾರಿವಾಳ," ಅಂದೆ ನಾನು. ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನಾನು ಬಟ್ಟಲು ತೊಳೆಯುವುದಕ್ಕೆ ಎದ್ದೆ.

ಅಮ್ಮನಿಗೆ ಸಿಟ್ಟು ಬಂತು. "ನಿನಗೇನು ಪರಸ್ಕಿವ, ಕೋಳಿಗೂಡಲ್ಲಿ ಇರೋಳು."

"ಕೋಳಿಗೂಡೇ. ಆದ್ರೆ ಕೋಳಿ ಒಳಗಿದೆ."

"ಸಾಲ ಮಾಡೋದು ಪಾಪ ಅಂತೀಯಾ?"

"ನಾನ್ಯಾಕೆ ಅನ್ಲಿ? ಹಸು ತಗೊಳ್ಳೋಕೆ ನಾನೂ ಗುಂಪಿಂದ ಸಾಲ ತಗೊಂಡಿದ್ದೆ. ಹಸು ಹಾಲು ಕೊಡ್ತು, ಹಾಲು ಸಾಲ ತೀರಿಸ್ತು. ಮೂರನೇ ಮಹಡಿ ಏನ್ ಕೊಡುತ್ತೆ?"

"ಮರ್ಯಾದೆ."

"ಕರೆದು ನೋಡು ಹಾಗಾದ್ರೆ, ಎಷ್ಟು ಲೀಟರ್ ಬರುತ್ತೆ ಅಂತ."

ಅಮ್ಮ ನಗಲಿಲ್ಲ. ಪರಸ್ಕಿವಕ್ಕ ದನಿ ತಗ್ಗಿಸಿದಳು. "ತ್ವಾದೆರ್ ಅಟ್ಟಣಿಗೆಯಿಂದ ಬಿದ್ದು ಕೈ ಮುರಿದುಕೊಂಡ ಅಂತಿಟ್ಕೋ. ಕಂತು ಯಾರು ಕಟ್ತಾರೆ?"

"ದೇವರಿದಾನೆ."

"ಇದಾನೆ. ಆದ್ರೆ ಬ್ಯಾಂಕಿನ ಕಾಗದದಲ್ಲಿ ಇರೋದು ನಿನ್ನ ಹೆಸರು, ದೇವರ ಹೆಸರಲ್ಲ. ಗೋಪುರ ಕಟ್ಟೋಕೆ ಹೊರಟವನು ಮೊದಲು ಕೂತು ಖರ್ಚು ನೋಡ್ಕೊಳ್ಳಲಿ ಅಂತ ಯೇಸುಸ್ವಾಮಿ ಹೇಳಿದ್ದು ಯಾರಿಗೆ? ಕಂತು ತಪ್ಪಿದ್ರೆ ಮೊದಲು ಹೋಗೋದು ಈ ಒಲೆ. ಮಲಗೋ ಜಾಗಾನ ಯಾರಾದ್ರೂ ಅಡ ಇಡ್ತಾರಾ?"

ಅಮ್ಮ ಹುರುಳಿಕಾಯಿ ಸಾರಿಗೆ ಸೌಟು ಹಾಕಿದಳು. ಆಗ ಪರಸ್ಕಿವಕ್ಕ, "ಇವತ್ತು ಊಟ ಕೆಳಗೆ ದೊಡ್ಡ ಮನೇಲಿ ಮಾಡೋಣ," ಅಂದಳು.

"ಯಾಕೆ? ಯಾರ ಮದುವೆ?"

"ನಿನ್ನ ಮಗ ಅಷ್ಟು ಕಷ್ಟಪಟ್ಟು ಕಟ್ಟಿಸಿದ್ದು. ಒಂದಿನ ಉಂಡು ನೋಡೋಣ."

ನಾನು ಪಾತ್ರೆ ಹೊತ್ತುಕೊಂಡೆ. ಪರಸ್ಕಿವಕ್ಕ ಮೆಕ್ಕೆಜೋಳದ ಮುದ್ದೆಯಿಟ್ಟ ಹಲಗೆ ಹಿಡಿದುಕೊಂಡಳು. ಬಾಗಿಲಲ್ಲಿ ಅಮ್ಮ ಪರರ ಮನೆಗೆ ಬಂದವಳ ಹಾಗೆ ಬೂಟು ಬಿಚ್ಚಿಟ್ಟಳು. ಒಳಗೆ ಎಲ್ಲಿ ಕೂರಬೇಕೆಂದು ಅವಳಿಗೆ ತಿಳಿಯಲಿಲ್ಲ. ಆ ಉದ್ದದ ಮೇಜಿನಲ್ಲಿ ಅವಳು ಒಂದು ಸಲವೂ ಉಂಡಿರಲಿಲ್ಲ. ನಾನು ಮೂರು ಕುರ್ಚಿಗಳ ಪ್ಲಾಸ್ಟಿಕ್ ಸುಲಿದೆ. ಆ ಸದ್ದು ಮೆಟ್ಟಿಲು ಹತ್ತಿ ಮೇಲಿನ ಕೋಣೆಗಳಿಗೆ ಹೋಯಿತು. ಅಮ್ಮ ಶಿಲುಬೆಯ ಗುರುತು ಮಾಡಿ ಪ್ರಾರ್ಥನೆ ಹೇಳಿದಾಗ ಗೋಡೆಗಳು ಅದನ್ನೇ ಹೇಳಿದವು. ಅಮ್ಮ ಅರ್ಧಕ್ಕೆ ದನಿ ತಗ್ಗಿಸಿದಳು.

ಚಮಚ ಎತ್ತಿದವಳು ಅದನ್ನು ಮತ್ತೆ ಕೆಳಗಿಟ್ಟಳು.

"ವಿಯೋರಿಕಾ, ಮೇಜು ಓರೆ ಇದೆ ನೋಡು."

ಅವಳ ಬಟ್ಟಲಿನಲ್ಲಿ ಸಾರು ರಸ್ತೆಯ ಕಡೆ ಅಂಚು ಮುಟ್ಟಿತ್ತು, ದಿಬ್ಬದ ಕಡೆ ಕೆಳಗಿಳಿದಿತ್ತು. ನಾನು ಮೇಜಿನ ಕಾಲುಗಳನ್ನು ನೋಡಿದೆ, ಸರಿಯಾಗಿದ್ದವು. ಬಟ್ಟಲನ್ನು ನೆಲದ ಮೇಲಿಟ್ಟೆ. ಅಲ್ಲೂ ಸಾರು ರಸ್ತೆಯ ಕಡೆಗೇ ವಾಲಿತು. ಅಮ್ಮ ಬಟ್ಟಲು ಹಿಡಿದುಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅಲ್ಲೂ ಅದೇ.

ರಸ್ತೆಯ ಕಡೆಯ ಗೋಡೆಗೆ ಒರಗಿಸಿದ್ದ ದೊಡ್ಡ ಬೀರುವನ್ನು ನಾವು ಮೂವರೂ ಸೇರಿ ಎಳೆದೆವು. ಅದು ಬಂದ ದಿನದಿಂದ ಯಾರೂ ಜರುಗಿಸಿರಲಿಲ್ಲ. ಹಿಂದೆ ಗೋಡೆ ನೆಲದಿಂದ ಛಾವಣಿಯವರೆಗೆ ಬಿರಿದಿತ್ತು. ನನ್ನ ಬೆರಳು ಒಳಗೆ ಹೋಯಿತು. ತಣ್ಣಗಿತ್ತು.

"ತುಂಬಿಸಿದ ಮಣ್ಣು, ಕುಸೀತಿದೆ," ಅಂದಳು ಪರಸ್ಕಿವಕ್ಕ. ಗೆದ್ದವಳ ದನಿಯಲ್ಲಿ ಅಲ್ಲ. "ಇದರ ತಲೆ ಮೇಲೆ ಇನ್ನೊಂದು ಮಹಡಿ ಹೊರಿಸ್ತೀರಾ?"

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಅಂದಳು, "ಮರಳ ಮೇಲೆ ಮನೆ ಕಟ್ಟಿದವನ ಕಥೆ ಪ್ರತಿ ವರ್ಷ ಚರ್ಚಲ್ಲಿ ಕೇಳ್ತೀನಿ. ಅವನು ಬೇರೆ ಯಾರೋ ಅಂದ್ಕೊಂಡಿದ್ದೆ."

ಸಾರು ಆರಿತ್ತು. ಯಾರೂ ಉಣ್ಣಲಿಲ್ಲ.

ಸಂಜೆ ಅಮ್ಮ ಅಣ್ಣನಿಗೆ ಫೋನ್ ಮಾಡಿದಳು. ಅಣ್ಣ ಇರುವ ಕೋಣೆಯಲ್ಲಿ ಇನ್ನೂ ನಾಲ್ವರು ಕೂಲಿಯವರಿದ್ದಾರೆ. ಅವರ ಟೀವಿಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ನಾನು ಸಹಿ ಹಾಕಲ್ಲ ಮಗಾ," ಅಂದಳು. ಬಟ್ಟಲಿನ ವಿಷಯ ಹೇಳಿದಳು, ಬಿರುಕಿನ ವಿಷಯ ಹೇಳಿದಳು.

"ಅಮ್ಮಾ, ಛಾವಣಿ ಮೇಲೆ ಕಂಬಗಳ ಕಬ್ಬಿಣದ ಸರಳು ಹಾಗೇ ಚಾಚಿಕೊಂಡಿದೆ. ಅರ್ಧಕ್ಕೆ ಬಿಟ್ಟ ಅಂತ ಊರೆಲ್ಲ ನಗುತ್ತೆ."

"ನಗೋಕೆ ಊರಲ್ಲಿ ಯಾರಿದಾರೆ? ನಾನು, ನಿನ್ನ ತಂಗಿ, ಪರಸ್ಕಿವ. ಆಮೇಲೆ ಗವ್ರೀಲನ ಪಾರಿವಾಳ."

"ಹಾಗಾದ್ರೆ ನಾನು ಇಷ್ಟು ವರ್ಷ ದುಡಿದದ್ದು ಯಾರಿಗೆ?"

"ಗೊತ್ತಿಲ್ಲ ಮಗಾ. ನಾನೂ ಅದನ್ನೇ ಕೇಳ್ತಿದೀನಿ."

ಟೀವಿಯಲ್ಲಿ ಯಾರೋ ಹಾಡುತ್ತಿದ್ದರು. "ಸರಿ. ಮಹಡಿ ಬೇಡ ಬಿಡು," ಅಂದ ಅಣ್ಣ. ಫೋನ್ ಇಟ್ಟ.

ಸೋಮವಾರ ಅಮ್ಮ ಪಟ್ಟಣಕ್ಕೆ ಹೋಗಲಿಲ್ಲ. ಉಳಿತಾಯ ಗುಂಪಿನಲ್ಲಿದ್ದ ತನ್ನ ಹಣ ತೆಗೆದು ಇಂಜಿನಿಯರ್ ಒಬ್ಬರನ್ನು ಕರೆಸಿದಳು. ಅವರು ಮನೆಯ ಪಕ್ಕದಲ್ಲಿ ಗುಂಡಿ ತೋಡಿಸಿದರು. ಅದರಲ್ಲಿ ನೀರು ನಿಂತಿತು. ಸುತ್ತ ಕಾಲುವೆ ಮಾಡಿ ನೀರನ್ನು ಹಳ್ಳಕ್ಕೆ ಬಿಟ್ಟು, ಬಿರುಕಿನ ಕಡೆ ಬುನಾದಿ ಬಲಪಡಿಸಿದರೆ ಎರಡು ಮಹಡಿ ನಿಲ್ಲುತ್ತದೆ, ಮೂರು ನಿಲ್ಲುವುದಿಲ್ಲ ಎಂದರು. ಕಾಲುವೆ ಆಯಿತು. ಚಾಚಿದ ಕಬ್ಬಿಣವನ್ನು ಕತ್ತರಿಸಿದ್ದಾಯಿತು. ಬುನಾದಿಯ ಕೆಲಸಕ್ಕೆ ಅಮ್ಮ ತಿಂಗಳು ತಿಂಗಳು ಗುಂಪಿನಲ್ಲಿ ಕಟ್ಟುತ್ತಿದ್ದಾಳೆ. ದಿಬ್ಬ ನಮ್ಮದೇ ಆಗಿ ಉಳಿದಿದೆ.

ಅಣ್ಣ ಹಳೆಯ ಸಾಲದ ಕಂತು ತಪ್ಪದೆ ಕಟ್ಟುತ್ತಿದ್ದಾನೆ. ನಮಗೂ ಹಣ ಕಳಿಸುತ್ತಾನೆ. ಫೋನ್ ಮಾತ್ರ ಮಾಡುವುದಿಲ್ಲ. ನಾವು ಮಾಡಿದರೆ ಎತ್ತುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆ ಕಟ್ಟಬೇಡಿ ಎಂದು ಯಾರೂ ಹೇಳುತ್ತಿಲ್ಲ. ಕಟ್ಟುವ ಮೊದಲು ನೆಲ ಅಗೆದು ನೋಡಿ. ರಸ್ತೆಯಲ್ಲಿ ಹೋಗುವವರಿಗಾಗಿ ಅಲ್ಲ, ಒಳಗೆ ಉಣ್ಣುವವರಿಗಾಗಿ ಕಟ್ಟಿ. ಸಾಲ ಮಾಡಿ ತರುವ ವಸ್ತು ಆ ಸಾಲವನ್ನು ತಾನೇ ತೀರಿಸಬಲ್ಲದೇ ಎಂದು ಕೇಳಿಕೊಳ್ಳಿ. ಒಂದು ಸಾಲ ತೀರದೆ ಇನ್ನೊಂದಕ್ಕೆ ಕೈ ಹಾಕಬೇಡಿ. ತಾಯಿ ಮಲಗುವ ಜಾಗವನ್ನು ಜಾಮೀನು ಇಡಬೇಡಿ. ಕೆಲಸ ತಪ್ಪಿದರೆ ಕೆಲವು ತಿಂಗಳ ರೊಟ್ಟಿಗೆ ಆಗುವಷ್ಟು ಬದಿಗಿಡಿ. ಸಹಿ ಹಾಕಲು ಹೇಳಿದರೆ, ಒಂದು ಭಾನುವಾರ ಕಳೆಯಲಿ ಅನ್ನಿ. ನಾವು ಜೀವನವಿಡೀ ಒಬ್ಬರಿಗೊಬ್ಬರು ತೀರಿಸುತ್ತಲೇ ಇರಬೇಕಾದದ್ದು ಪ್ರೀತಿಯೊಂದನ್ನೇ ಎಂದು ನಮ್ಮ ಪಾದ್ರಿ ಹೇಳುತ್ತಾರೆ. ಅದಕ್ಕೆ ಹತ್ತಿರ ಇರಬೇಕು, ದೂರದಿಂದ ಕಂತು ಕಟ್ಟಿದರೆ ಸಾಲದು.

ಈ ಹಾಳೆಯನ್ನು ಗುಂಪಿನ ಹೆಂಗಸರೆಲ್ಲ ಸೇರಿ, ಊರಿನ ಸಾಮಾನು ಒಯ್ಯುವ ಶನಿವಾರದ ವ್ಯಾನಿನಲ್ಲಿ ಇಟಲಿಗೂ ಸ್ಪೇನಿಗೂ ಹೋಗುವ ಎಲ್ಲ ಡಬ್ಬಗಳಲ್ಲಿ ಇಡುತ್ತಿದ್ದೇವೆ, ಪ್ಲಮ್ ಜಾಮಿನ ಜೊತೆ. ನಮ್ಮ ಡಬ್ಬದಲ್ಲೂ ಒಂದನ್ನು ಇಟ್ಟಿದ್ದೇನೆ.

ತ್ವಾದೆರ್ ಅಣ್ಣಾ, ಈ ಚಳಿಗಾಲದಲ್ಲಿ ನಾಲ್ಕು ದಿನ ಬಾ. ಏನೂ ಕಟ್ಟಬೇಡ, ಏನೂ ತರಬೇಡ. ಬರ್ತೀಯಾ, ಹೇಳು.