ಇಲ್ಲದ ನೋಂಬು

ಸುಹೈಬ್ ಮೀನು ಮಾಂಸ ಬಿಟ್ಟು ಒಂದು ತಿಂಗಳಾಗಿತ್ತು. ಬಿಟ್ಟದ್ದನ್ನು ಸಿಕ್ಕಿದವರಿಗೆಲ್ಲ ಹೇಳಿ ಮುಗಿಸಲು ಅವನಿಗೆ ಅಷ್ಟು ದಿನವೂ ಬೇಕಾಗಿರಲಿಲ್ಲ. ಫಳ್ನೀರಿನ ಮನೆಯಲ್ಲಿ ಅಜ್ಜಿ ಅಲೀಮಮ್ಮನಿಗೆ ಹೇಳಿದಾಗ ಆಕೆ ನಕ್ಕು, ಕೋಳಿ ಸಾರಿನ ಪಾತ್ರೆಯನ್ನು ಆಚೆ ಸರಿಸಿ, ಅವನೊಬ್ಬನಿಗೆ ಬೇರೆಯೇ ಬೇಳೆ ಸಾರು ಮಾಡಿಕೊಟ್ಟಳು. ಮನೆಯಲ್ಲಿ ಅಷ್ಟು ಸುಲಭವಾಗಿ ಗೆದ್ದದ್ದು ಅವನಿಗೆ ಸ್ವಲ್ಪ ನಿರಾಸೆಯನ್ನೇ ತಂದಿತ್ತು.

ಕಾಲೇಜಿನಲ್ಲಿ ಹಾಗಾಗಲಿಲ್ಲ. ತತ್ವಶಾಸ್ತ್ರ ಕಲಿಸುವ ಟಾನ್ಯಾ ಮೇಡಂ, ತಿನ್ನುವ ವಿಷಯದಲ್ಲಿ ಒಬ್ಬೊಬ್ಬರೂ ನಿಮ್ಮದೇ ಒಂದು ನಿಲುವು ಮಾಡಿಕೊಂಡು ಬನ್ನಿ, ಇನ್ನೊಬ್ಬರಿಂದ ಎತ್ತಿದ್ದು ಬೇಡ ಎಂದಿದ್ದರು. ಮಂಗಳವಾರ ಸುಹೈಬನ ಸರದಿ. ಅವನು ಎದ್ದು ನಿಂತು, ಮೀನನ್ನು ನಾವು ಹಿಡಿಯುತ್ತೇವೆ ಎನ್ನುತ್ತೇವೆ, ಕೊಲ್ಲುತ್ತೇವೆ ಎನ್ನುವುದಿಲ್ಲ, ಅದು ಉಸಿರುಗಟ್ಟಿ ಸಾಯುವುದನ್ನು ನೋಡುತ್ತಾ ತಾಜಾ ಎಂದು ಖುಷಿಪಡುತ್ತೇವೆ ಎಂದ. ಕ್ಲಾಸು ಸದ್ದಿಲ್ಲದೆ ಕೇಳಿತು. ಇನ್ನು ಮುಂದೆ ನನ್ನ ತಟ್ಟೆಯ ವಿಷಯದಲ್ಲಿ ಯಾರಿಗೂ ಸುಳ್ಳು ಹೇಳುವುದಿಲ್ಲ, ನನಗೆ ನಾನೂ ಹೇಳಿಕೊಳ್ಳುವುದಿಲ್ಲ ಎಂದು ಅವನು ಮುಗಿಸಿದಾಗ ಚಪ್ಪಾಳೆ ಬಿತ್ತು. ಇಪ್ಪತ್ತು ವರ್ಷದ ಹುಡುಗನಿಗೆ ಚಪ್ಪಾಳೆ ಬಿದ್ದರೆ ನೆಲ ಕಾಣುವುದಿಲ್ಲ. ಅವನಿಗೂ ಎರಡು ದಿನ ಕಾಣಲಿಲ್ಲ.

ಬುಧವಾರ ಸಂಜೆ ಧನರಾಜನ ಫೋನು ಬಂತು. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಧನರಾಜ್ ಈಗ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಮನೆ ಅಲ್ಲೇ ಹತ್ತಿರ, ಸಮುದ್ರದ ಬದಿಯಲ್ಲಿ. ಅವನ ಅಪ್ಪ ಯಾದವ ನಾಡದೋಣಿಯಲ್ಲಿ ಮೀನಿಗೆ ಹೋಗುವವನು, ಅಮ್ಮ ರಾಜೀವಿ ಆ ಮೀನನ್ನು ಮಾರುವವಳು. ಮಳೆಗಾಲಕ್ಕೆ ಮುಂಚೆ ಯಾದವನಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಫಳ್ನೀರಿನ ಆಸ್ಪತ್ರೆ ಸುಹೈಬನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿದ್ದಷ್ಟು ದಿನವೂ ರಾಜೀವಿಯ ಊಟ ಅಲೀಮಮ್ಮನ ಅಡುಗೆಮನೆಯಿಂದಲೇ ಹೋಗಿತ್ತು, ಟಿಫಿನ್ ಹೊತ್ತವನು ಸುಹೈಬ್.

ಧನರಾಜ್ ಹೇಳಿದ್ದು ಇಷ್ಟು. ಅಪ್ಪ ಆಪರೇಶನ್ ಆದ ಮೇಲೆ ಮೊದಲ ಸಲ ನಾಳೆ ಬೆಳಿಗ್ಗೆ ದೋಣಿ ಹತ್ತುತ್ತಾನೆ. ಹಾಗೆ ಎದ್ದು ಬಂದವನ ಮೊದಲ ಪಾಲಿನಿಂದ ಒಂದು ಒಳ್ಳೆಯ ಮೀನನ್ನು ಅವರ ಮನೆಯಲ್ಲಿ ಮಾರುವುದಿಲ್ಲ, ಕಷ್ಟಕ್ಕೆ ನಿಂತ ಮನೆಯವರನ್ನು ಕರೆದು ಬಡಿಸುತ್ತಾರೆ. ಅಜ್ಜಿಗೆ ಮಂಡಿ ನೋವು, ಅಷ್ಟು ದೂರ ಬರಲಿಕ್ಕಾಗದು. ಹಾಗಾಗಿ ಸುಹೈಬ್ ಬರಬೇಕು. ಸುಹೈಬ್ ಬರುತ್ತೇನೆ ಎಂದ. ಮೀನು ತಿನ್ನುವುದಿಲ್ಲ ಎಂದು ಅಲ್ಲೇ ಹೇಳಬಹುದಿತ್ತು, ಬಾಯಿಗೂ ಬಂದಿತ್ತು. ನಾಳೆ ಎದುರಿಗೇ ಹೇಳಿದರಾಯಿತು ಎಂದು ಮುಂದೆ ಹಾಕಿದ.

ಗುರುವಾರ ಹನ್ನೆರಡರ ಹೊತ್ತಿಗೆ ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿದವನು ದಾರಿಯುದ್ದಕ್ಕೂ ಮಾತು ಜೋಡಿಸಿದ. ಕ್ಲಾಸಿನಲ್ಲಿ ಅರಳು ಹುರಿದ ಹಾಗೆ ಬಂದ ಮಾತುಗಳು ಒಂದೂ ಇಲ್ಲಿಗೆ ಹೊಂದಲಿಲ್ಲ. ಮೀನು ಹಿಡಿಯುವುದು ಕೊಲೆ ಎಂದು ಟಾನ್ಯಾ ಮೇಡಂ ಎದುರಿಗೆ ಹೇಳುವುದು ಬೇರೆ, ಮೀನು ಹಿಡಿದು ಮಗನನ್ನು ಓದಿಸಿದವನ ಚಾವಡಿಯಲ್ಲಿ ಕೂತು ಹೇಳುವುದು ಬೇರೆ. ಕೋಳಿಯಾದರೆ ಹಲಾಲ್ ಅಲ್ಲ ಎಂದು ಜಾರಿಕೊಳ್ಳಬಹುದಿತ್ತು. ಮೀನಿಗೆ ಆ ಪ್ರಶ್ನೆಯೇ ಇಲ್ಲ. ಹಿಂದೂ ಮನೆಗೆ ಬ್ಯಾರಿ ನೆಂಟ ಬಂದರೂ, ಬ್ಯಾರಿ ಮನೆಗೆ ಹಿಂದೂ ನೆಂಟ ಬಂದರೂ ಕಣ್ಣುಮುಚ್ಚಿ ಬಡಿಸುವುದು ಮೀನನ್ನೇ, ಅದು ರಾಜೀವಿಗೂ ಗೊತ್ತು.

ಅಂಗಳಕ್ಕೆ ಕಾಲಿಡುವಾಗಲೇ ಹುರಿದ ಅಂಜಲ್ ಮೀನಿನ ಪರಿಮಳ ಬಂತು. ಯಾದವ ಹೊಸ ಲುಂಗಿ ಉಟ್ಟು ಬಾಗಿಲಲ್ಲೇ ನಿಂತಿದ್ದ. ಧನರಾಜ್ ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಓಡಿ ಬಂದಿದ್ದ. ಚಾಪೆ ಹಾಸಿ, ಬಾಳೆಲೆ ಇಟ್ಟು ಆಗಿತ್ತು. ರಾಜೀವಿ ಕೈ ಒರೆಸಿಕೊಳ್ಳುತ್ತಾ ಬಂದು, ಕೈಕಾಲು ತೊಳೆದು ಕೂತುಬಿಡು ಮಗಾ, ಬಿಸಿ ಉಂಟು ಎಂದಳು. ಸುಹೈಬನ ಬಾಯಿಂದ ಬಂದದ್ದು ದಾರಿಯಲ್ಲಿ ಜೋಡಿಸಿದ ಯಾವ ಮಾತೂ ಅಲ್ಲ.

"ರಾಜೀವಕ್ಕ, ನನಗೆ ಇವತ್ತು ನೋಂಬು," ಎಂದ.

ಗುರುವಾರ ನೋಂಬು ಹಿಡಿದು ಉಪವಾಸ ಇರುವವರು ಉಂಟು, ಅಜ್ಜಿಯೇ ಕೆಲವೊಮ್ಮೆ ಹಿಡಿಯುತ್ತಾಳೆ. ಹಾಗಾಗಿ ಸುಳ್ಳಿಗೆ ಕಾಲು ಬಲವಾಗಿಯೇ ಇತ್ತು. ಯಾರಿಗೂ ನೋವಿಲ್ಲ, ಯಾರ ಕಸುಬಿಗೂ ಅವಮಾನವಿಲ್ಲ, ಅರ್ಧ ಗಂಟೆ ಕೂತು ಎದ್ದು ಹೋಗುವುದು ಎಂದು ಅವನ ಲೆಕ್ಕ. ಬೆಳಿಗ್ಗೆ ಮನೆಯಲ್ಲಿ ಅಕ್ಕಿ ಪುಂಡಿ ತಿಂದು ಬಂದ ಹೊಟ್ಟೆ ತಣ್ಣಗಿತ್ತು.

ರಾಜೀವಿ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಬಗ್ಗಿ, ಹಾಕಿದ ಎಲೆಗಳನ್ನು ಒಂದೊಂದಾಗಿ ಎತ್ತಿದಳು. ಎಲ್ಲವನ್ನೂ ಎತ್ತಿದಳು, ಧನರಾಜನದ್ದನ್ನೂ, ಯಾದವನದ್ದನ್ನೂ. ಸುಹೈಬನಿಗೆ ಅರ್ಥವಾಗಲಿಲ್ಲ. ನೀವೆಲ್ಲ ಊಟ ಮಾಡಿ ಎಂದು ಅವನು ಗಡಿಬಿಡಿಯಿಂದ ಹೇಳಿದ.

"ನಿನಗೆ ಅಜ್ಜಿ ಹೇಳಲಿಲ್ವಾ?" ಎಂದಳು ರಾಜೀವಿ. "ಇವರನ್ನು ಆಪರೇಶನ್ನಿಗೆ ಒಳಗೆ ಹಾಕಿದ ದಿನ ಅಜ್ಜಿ ಇವರ ಹೆಸರಿನಲ್ಲಿ ನೋಂಬು ಹಿಡಿದಿದ್ರು. ಆ ಬಿಸಿಲಿಗೆ, ಆ ಪ್ರಾಯಕ್ಕೆ, ಒಂದು ತೊಟ್ಟು ನೀರು ಕುಡಿಲಿಲ್ಲ. ನನಗೆ ಮಾತ್ರ ಗಂಜಿ ಕಳಿಸಿದ್ರು. ನಾನು ಉಂಡದ್ದು, ಮಗಾ, ಗೊತ್ತಿಲ್ಲದೆ. ಅವರು ಉಪವಾಸ ಅಂತ ಗೊತ್ತಾದದ್ದು ಸಂಜೆಗೆ. ಇವತ್ತು ಅದೇ ಮನೆಯವನು ನೋಂಬಿನಲ್ಲಿ ಇಲ್ಲಿ ಕೂತಿರುವಾಗ ನಮಗೆ ಅನ್ನ ಇಳಿತದಾ? ಸಂಜೆ ಮಸೀದಿಯಲ್ಲಿ ಬಾಂಗ್ ಆಗಲಿ. ಒಟ್ಟಿಗೆ ಕೂರುವ."

ಆ ದಿನದ ಟಿಫಿನ್ ಕೊಂಡುಹೋಗಿದ್ದು ಸುಹೈಬನೇ. ಅಜ್ಜಿ ಹೇಳಿರಲಿಲ್ಲ, ಹೇಳುವ ಜಾತಿಯವಳೂ ಅಲ್ಲ. ಸಾವಿರ ನೆಪಗಳಿದ್ದ ಲೋಕದಲ್ಲಿ ಅವನು ಕೈಹಾಕಿದ್ದು ಈ ಮನೆಯಲ್ಲಿ ದೇವರ ಕೋಣೆಗೆ ಸಮನಾಗಿ ಇಟ್ಟುಕೊಂಡಿದ್ದ ಒಂದು ಮಾತಿಗೆ. ಆಗಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಪಾಠ ಉಂಟು, ಬೇಗ ಹೋಗಬೇಕು ಎಂದು ಇನ್ನೊಂದು ಸುಳ್ಳಿಗೆ ಬಾಯಿ ಹಾಕಿದ, ಅದಕ್ಕೆ ಯಾದವ ಒಪ್ಪಲಿಲ್ಲ.

ಧನರಾಜ್ ಗಡಿಯಾರ ನೋಡಿ ಎದ್ದ. ಅಮ್ಮ ಅವನಿಗಾದರೂ ಬಡಿಸುತ್ತೇನೆಂದಳು. ಅವನು ಒಂದು ಚೆಂಬು ನೀರು ಕುಡಿದು, ಕುಡಿದದ್ದಕ್ಕೆ ಸುಹೈಬನ ಕಡೆ ನಾಚಿಕೆಯಿಂದ ನೋಡಿ, ಸಂಜೆಗೆ ಬರ್ತೇನೆ ಮಾರಾಯ ಎಂದು ಬೈಕು ಹತ್ತಿದ. ವರ್ಕ್‌ಶಾಪಿನಲ್ಲಿ ಕಬ್ಬಿಣ ಎತ್ತುವವನು ಖಾಲಿ ಹೊಟ್ಟೆಯಲ್ಲಿ ಹೋದದ್ದನ್ನು ಸುಹೈಬ್ ಕಿಟಕಿಯಿಂದ ನೋಡಿದ. ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಕರೆಯಬಹುದಿತ್ತು.

ಆಮೇಲಿನ ಮಧ್ಯಾಹ್ನ ತೆವಳುತ್ತಾ ಹೋಯಿತು. ರಾಜೀವಿ ಪಕ್ಕದ ಬ್ಯಾರಿ ಮನೆಗೆ ಹೋಗಿ ಖರ್ಜೂರ ತಂದಳು, ನೋಂಬು ಬಿಡಲು ಇನ್ನೇನು ಬೇಕೆಂದು ಅಲ್ಲಿ ಕೇಳಿಕೊಂಡು ಬಂದಳು. ನಮಾಜಿಗೆಂದು ಪೆಟ್ಟಿಗೆಯಿಂದ ಒಗೆದ ಬೆಡ್‌ಶೀಟ್ ತೆಗೆದು ಒಳಕೋಣೆಯಲ್ಲಿ ಹಾಸಿ, ಪಡುವಣ ದಿಕ್ಕು ತೋರಿಸಿ, ಬಾಗಿಲು ಅರ್ಧ ಎಳೆದು ಹೋದಳು. ಸುಹೈಬ್ ನಿಂತ. ಹಣೆ ನೆಲಕ್ಕೆ ಮುಟ್ಟಿಸಿದಾಗ ಬಟ್ಟೆಯಲ್ಲಿ ಸೋಪಿನ ವಾಸನೆ. ದೇವರ ಹತ್ತಿರ ಏನು ಹೇಳುವುದೆಂದು ತಿಳಿಯದೆ, ಬಾಯಿಪಾಠವಾಗಿದ್ದನ್ನಷ್ಟೇ ಹೇಳಿ ಎದ್ದ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಹೊರಗೆ ಚಾವಡಿಯಲ್ಲಿ ಯಾದವ ಬೆಳಗಿನ ಕಥೆ ಹೇಳುತ್ತಿದ್ದ. ದೋಣಿ ನೂಕುವಾಗ ಹೊಲಿಗೆ ಬಿಚ್ಚೀತೆಂಬ ಹೆದರಿಕೆ ಇತ್ತಂತೆ, ಜೊತೆಗಾರ ಚಿತ್ತರಂಜನ ಕೈ ಹಾಕಲೇ ಬಿಡಲಿಲ್ಲವಂತೆ. ಅಂಜಲ್ ಬಲೆಗೆ ಬಂದದ್ದನ್ನು ಹೇಳುವಾಗ ಅವನ ಮುಖದಲ್ಲಿ ಹುಡುಗನ ಸಂತೋಷ. ಹಿಡಿಯುತ್ತೇವೆ ಎನ್ನುತ್ತೇವೆ, ಕೊಲ್ಲುತ್ತೇವೆ ಎನ್ನುವುದಿಲ್ಲ ಎಂಬ ತನ್ನ ಮಾತು ಸುಹೈಬನಿಗೆ ನೆನಪಾಯಿತು. ಮಾತು ಈಗಲೂ ಸುಳ್ಳೆಂದು ಅನ್ನಿಸಲಿಲ್ಲ. ಮೀನಿನ ಸಂಕಟದ ಬಗ್ಗೆ ಅಷ್ಟು ಯೋಚಿಸಿದವನು ಎದುರು ಕೂತ ಮನುಷ್ಯರ ಹಸಿವಿಗೆ ಬಾಯಿ ಬಿಡದೆ ಕೂತಿದ್ದೇನಲ್ಲ ಎಂಬುದು ಮಾತ್ರ ಚುಚ್ಚಿತು.

ಕಥೆಯ ನಡುವೆ ಯಾದವನ ಮಾತು ತೊದಲಿತು. ಹಣೆಯ ಮೇಲೆ ಬೆವರು ಒಡೆದಿತ್ತು, ಕೈ ನಡುಗುತ್ತಿತ್ತು. ರಾಜೀವಿ ಒಳಗಿನಿಂದ ಓಡಿ ಬಂದಳು. ಅವನಿಗೆ ಶುಗರ್ ಇತ್ತು. ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡಿದ್ದ, ಆಮೇಲೆ ಎಲೆ ಎತ್ತಿಯಾಗಿತ್ತು. ಗಂಜಿಯಾದರೂ ಕುಡಿಯಿರಿ ಎಂದು ಅವಳು ಆಗಲೇ ಬೇಡಿಕೊಂಡಿದ್ದಳು. ಅಜ್ಜಿ ನನಗಾಗಿ ನೀರು ಬಿಟ್ಟವರು, ನಾನು ಒಂದು ಹೊತ್ತು ತಡೆಯಲಾರೆನಾ ಎಂದು ಅವನು ಹಟ ಹಿಡಿದಿದ್ದನಂತೆ. ಈಗ ಸಕ್ಕರೆ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಕಣ್ಣು ನೆಟ್ಟಗಾಯಿತು. ಆದರೆ ಅನ್ನದ ಬಟ್ಟಲು ತಂದಾಗ ಅವನು ಕೈ ಅಡ್ಡ ಹಿಡಿದು, ಬಾಂಗ್ ಆಗಲಿ ಎಂದ.

ಸುಹೈಬ್ ಎದ್ದು ನಿಂತ.

"ರಾಜೀವಕ್ಕ, ನನಗೆ ನೋಂಬು ಇಲ್ಲ. ಊಟ ಹಾಕಿ. ಎಲ್ಲರಿಗೂ ಹಾಕಿ."

ಇಷ್ಟು ಹೇಳಲು ಅವನಿಗೆ ಮಧ್ಯಾಹ್ನವಿಡೀ ಬೇಕಾಗಿತ್ತು, ಮತ್ತು ಹೇಳಿದ್ದು ಯಾರಿಗೂ ಮುಟ್ಟಲಿಲ್ಲ. ರಾಜೀವಿ ಬಟ್ಟಲು ಹಿಡಿದು ಹಾಗೆಯೇ ನಿಂತಳು, ಕಣ್ಣು ತುಂಬಿಕೊಂಡಿತು. ಯಾದವ ಅವನ ಕೈ ಹಿಡಿದು, ನನಗಾಗಿ ನೋಂಬು ಮುರಿಯಬೇಡ ಮಗಾ, ಅದು ದೇವರಿಗೆ ಕೊಟ್ಟದ್ದು ಎಂದ. ಅವನು ಸುಳ್ಳು ಒಪ್ಪಿಕೊಂಡದ್ದನ್ನು ಅವರು ತ್ಯಾಗವೆಂದು ತಿಳಿದಿದ್ದರು. ಅಲ್ಲ, ಹಾಗಲ್ಲ ಎನ್ನಬೇಕು. ಹಾಗೆ ಅಂದರೆ ನೊಂದು ಯಾದವ ಉಣ್ಣುತ್ತಾನೋ ಇಲ್ಲವೋ ಎಂದು ಅವನಿಗೆ ಹೆದರಿಕೆಯಾಯಿತು. ಈ ಹೆದರಿಕೆ ನಿಜವೇ. ಜೊತೆಗೆ, ಆ ಇಬ್ಬರ ಕಣ್ಣಿನಲ್ಲಿ ಅಷ್ಟು ಎತ್ತರಕ್ಕೆ ಏರಿ ನಿಂತದ್ದು ಒಂದು ಕ್ಷಣ ಹಿತವಾಗಿತ್ತು ಎನ್ನುವುದೂ ನಿಜ. ಮತ್ತೆ ಹಾಕಿದ ಎಲೆಯ ಮುಂದೆ ಅವನು ಸುಮ್ಮನೆ ಕೂತ.

ರಾಜೀವಿ ನಡುಭಾಗದ ದೊಡ್ಡ ತುಂಡನ್ನು ಅವನ ಎಲೆಗೆ ಹಾಕಿದಳು. ಅವನು ಮೊದಲ ತುತ್ತು ಎತ್ತಿದ ಮೇಲೆಯೇ ಯಾದವ ಅನ್ನಕ್ಕೆ ಕೈ ಇಟ್ಟದ್ದು. ಮೀನು ರುಚಿಯಾಗಿತ್ತು. ತಿಂಗಳಿನಿಂದ ಬಿಟ್ಟ ನಾಲಿಗೆ ನಾಚಿಕೆಯಿಲ್ಲದೆ ಅದನ್ನು ಸವಿಯಿತು. ಯಾದವ ಎರಡು ಸಲ ಅನ್ನ ಹಾಕಿಸಿಕೊಂಡ. ಉಂಡು ಮುಗಿಯುವವರೆಗೂ ಸುಹೈಬ್ ತಲೆ ಎತ್ತಲಿಲ್ಲ, ಅದನ್ನೂ ಅವರು ವಿನಯವೆಂದೇ ಎಣಿಸಿದರು.

ಹಿತ್ತಲಿನಲ್ಲಿ ಕೈ ತೊಳೆಯಲು ರಾಜೀವಿಯೇ ನೀರು ಹೊಯ್ದಳು. ನಾಳೆ ಫಳ್ನೀರಿಗೆ ಹೋಗಿ ಅಜ್ಜಿಯನ್ನು ಕಂಡು, ನಿಮ್ಮ ಮೊಮ್ಮಗ ನಮಗಾಗಿ ಹೀಗೆ ಮಾಡಿದ ಎಂದು ಹೇಳಿಯೇ ಬರುತ್ತೇನೆ ಎಂದಳು. ಅಲ್ಲಿಗೆ ಅವನಿಂದ ತಡೆಯಲಾಗಲಿಲ್ಲ. ತಗ್ಗಿದ ಸ್ವರದಲ್ಲಿ, ಎಲ್ಲೂ ನಿಲ್ಲಿಸದೆ ಎಲ್ಲವನ್ನೂ ಹೇಳಿದ. ಮೀನು ಬಿಟ್ಟದ್ದು, ಅದನ್ನು ಹೇಳಲು ಧೈರ್ಯವಾಗದ್ದು, ನೋಂಬು ಎಂದದ್ದು, ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಬಂದದ್ದು.

ಚೆಂಬಿನ ನೀರು ಮುಗಿದಿತ್ತು. ರಾಜೀವಿ ಅದನ್ನು ಕೆಳಗಿಡಲಿಲ್ಲ. ಮೀನು ಬೇಡ ಅಂದಿದ್ದರೆ ಬಸಳೆ ಕೊಯ್ದು ಸಾರು ಮಾಡುತ್ತಿದ್ದೆನಲ್ಲ, ಎಷ್ಟು ಹೊತ್ತಿನ ಕೆಲಸ ಎಂದಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಅವನ ಮುಖ ನೋಡದೆ ಕೇಳಿದಳು.

"ಅಜ್ಜಿ ಹಿಡಿದ ನೋಂಬಿನ ಹೆಸರು ಎಂತಕ್ಕೆ ತಂದದ್ದು ಮಗಾ?"

ಸುಹೈಬ್ ತನ್ನ ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಆಗ ಚಾವಡಿಯಿಂದ ಯಾದವನ ಸ್ವರ ಕೇಳಿತು. ಫೋನಿನಲ್ಲಿ ಚಿತ್ತರಂಜನನ ಜೊತೆ ಮಾತಾಡುತ್ತಿದ್ದ. ಉಂಡ ಬಲಕ್ಕೆ ಸ್ವರ ಗಟ್ಟಿಯಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅಷ್ಟು ಸಂತೋಷದಿಂದ ಮಾತಾಡಿದ್ದು ಬಹುಶಃ ಅದೇ ಮೊದಲು. ಬ್ಯಾರಿಗಳ ಹುಡುಗ ಮಾರಾಯ, ನನಗೆ ತಲೆ ತಿರುಗಿದ್ದು ನೋಡಿ ನೋಂಬನ್ನೇ ಮುರಿದ, ನನ್ನ ಜೊತೆ ಕೂತು ಉಂಡ, ಊರಲ್ಲಿ ಯಾರು ಏನು ಬೇಕಾದರೂ ಹೇಳಲಿ, ನಾನು ಕಣ್ಣಾರೆ ಕಂಡದ್ದು ಎನ್ನುತ್ತಿದ್ದ. ಆ ಕಡೆ ಚಿತ್ತರಂಜನ ನಂಬಲಿಲ್ಲವೋ ಏನೋ. ಯಾದವ ಹೆಂಡತಿಯನ್ನು ಕೂಗಿ ಕರೆದ. ಇವನಿಗೆ ನೀನೇ ಹೇಳು, ನಾನು ಹೇಳಿದ್ದು ಹೌದಾ ಅಲ್ಲವಾ ಎಂದ.

ರಾಜೀವಿ ಚೆಂಬನ್ನು ಕಟ್ಟೆಯ ಮೇಲೆ ಇಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಾನೇ ಬಂದು ನಿಜ ಹೇಳುತ್ತೇನೆ ಎಂದು ಸುಹೈಬ್ ಹೆಜ್ಜೆ ಮುಂದಿಟ್ಟ. ಅವಳು ಕೈ ಅಡ್ಡ ಮಾಡಿ ತಡೆದಳು, ಬೇಡ ಎಂದು ತಲೆಯಾಡಿಸಿ ಒಳಗೆ ಹೋದಳು. ಫೋನು ತೆಗೆದುಕೊಂಡಳು.

"ಹೌದು," ಎಂದು ಅವಳು ಹೇಳಿದ್ದು ಹಿತ್ತಲಿನವರೆಗೂ ಕೇಳಿತು.