ಊಟದ ಹೊತ್ತಿನ ಜಾಝ್

ಆ ಹೋಟೆಲಿನ ಹಿರಿಯ ಸಪ್ಲೈಯರ್‌ಗೆ ಡ್ಯಾನ್ಸ್ ಮೇಷ್ಟ್ರು ಅಂತಲೇ ಹೆಸರು. ಪಾಪ, ಮದುವೆಮನೆಯಲ್ಲೂ ಕಾಲು ಕುಣಿಸಿದವರಲ್ಲ. ಆದರೆ ಸೂಪಿನ ಬಟ್ಟಲು ಹಿಡಿದು ಮೇಜುಗಳ ನಡುವೆ ಬಂದರೆಂದರೆ, ಗೋಡೆಯ ಸ್ಪೀಕರಿನಲ್ಲಿ ಬರುವ ಜಾಝ್ ಸಂಗೀತಕ್ಕೆ ಸರಿಯಾಗಿ ಹೆಜ್ಜೆ ಬೀಳುತ್ತಿತ್ತು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಭುಜ ಒಂಚೂರು ಕೆಳಗೆ, ಮತ್ತೆ ಮೇಲೆ. "ಏನ್ ಸ್ಟೈಲಪ್ಪಾ!" ಅಂತ ಗಿರಾಕಿಗಳು ನಗುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು. ಹಳೆಯ ಮುರಿತದಿಂದ ತಮ್ಮ ಎಡಗಾಲು ಗಿಡ್ಡವಾಗಿದೆ ಅಂತ ಅವರು ಯಾರಿಗೂ ಹೇಳಿದವರಲ್ಲ. ಅಡುಗೆಮನೆಯಲ್ಲಿದ್ದ ಭಾವಮೈದನಿಗೆ ಗೊತ್ತಿತ್ತು. ಅಕ್ಕನನ್ನು ಕೊಟ್ಟವನಿಂದ ಮುಚ್ಚಿಡಲಾದೀತೇ?

ದಿನವೂ ಅದೇ ಸಂಗೀತ. ಹಾಡುವವರಿಲ್ಲ, ಪಿಯಾನೋ, ಗೊಗ್ಗರು ದನಿಯ ಬೇಸ್ ಗಿಟಾರು, ಬ್ರಷ್ಷಿನಲ್ಲಿ ಉಜ್ಜುವ ಡ್ರಮ್ಮು, ಅಷ್ಟೇ. ತಾಳ ಮಾತ್ರ ಒಂದು ಪೆಟ್ಟು ಎಳೆದು ಒಂದು ಪೆಟ್ಟು ಮೊಟಕು ಮಾಡುವಂಥದ್ದು. ಯಜಮಾನರಿಗೆ ಅದರ ಹುಚ್ಚು ಅಂತ ಎಲ್ಲರ ನಂಬಿಕೆ.

ಯಜಮಾನರ ಕಣ್ಣು ಮಂಜಾಗಿ, ಗಲ್ಲಾ ಮಗಳ ಕೈಗೆ ಬಂತು. ಚಿಕ್ಕಂದಿನಲ್ಲಿ ಪಿಯಾನೋ ಕಲಿತವಳು. "ಇದು ಮೈನರ್ ಸ್ಕೇಲು. ಮಂಕು ಬಡಿದಹಾಗಿದೆ. ಈ ತೂಕಡಿಸೋ ಲಯಕ್ಕೆ ತಿಂದವರು ಏಳೋದೇ ಇಲ್ಲ, ಬಾಗಿಲಲ್ಲಿ ಜನ ಕಾಯ್ತಾರೆ" ಅಂತ ಬೇರೊಂದು ಹಾಕಿದಳು. ಅದೂ ಜಾಝೇ. ಮೇಜರ್ ಸ್ಕೇಲು, ಭಾರೀ ಉಲ್ಲಾಸ, ಪೆಟ್ಟುಗಳೆಲ್ಲ ಒಂದೇ ಅಳತೆ. ರೈಲು ಹಿಡಿಯುವವರ ಓಟ.

ಅಲ್ಲಿಗೆ ಮೇಷ್ಟ್ರ ಬಣ್ಣ ಬಯಲಾಯಿತು. ಎಷ್ಟು ತಿಣುಕಿದರೂ ಆ ಓಟಕ್ಕೆ ಕಾಲು ಕೂಡಲಿಲ್ಲ. "ಕಾಲಿಗೇನಾಯ್ತು?" ಅಂತ ಕಂಡವರೆಲ್ಲ ಕೇಳತೊಡಗಿದರು. ವಾರ ಕಳೆಯುವುದರೊಳಗೆ ಯಜಮಾನರ ಮಗಳು ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ಮಾಮಾ, ನಾಳೆಯಿಂದ ಉಗ್ರಾಣ ನೋಡ್ಕೊಳ್ಳಿ. ಕುರ್ಚಿ ಹಾಕಿಸ್ತೀನಿ."

ಕುರ್ಚಿ! ತುಂಬಿದ ಬಟ್ಟಲು ಹಿಡಿದು ನಡೆಯುವುದೊಂದೇ ಮೇಷ್ಟ್ರಿಗೆ ಗೊತ್ತಿದ್ದ ಹೆಮ್ಮೆ. ಹಳೇದನ್ನೇ ಹಾಕಮ್ಮ ಅನ್ನೋಣವೆಂದರೆ, ಯಾಕೆ ಅಂತ ಕೇಳಿದರೆ ಏನು ಹೇಳುವುದು?

"ಬಾಯಿಬಿಟ್ಟು ಕೇಳು ಭಾವ, ನಿನ್ನ ಗಂಟೇನು ಹೋಗುತ್ತೆ?" ಅಂದ ಭಾವಮೈದ.

"ಮಾನ ಹೋಗುತ್ತೆ ಕಣೋ."

ಅದೇ ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದು ಕಿಟಕಿಯ ಪಕ್ಕ ಕೂತರು. ಇದೇ ಕೊನೆಯ ಸಲವೇನೋ ಅಂದುಕೊಂಡು ಮೇಷ್ಟ್ರು ಸೂಪು ತಂದರು. ಅರ್ಧ ದಾರಿಯಲ್ಲೇ ಅದು ತಟ್ಟೆಗೆಲ್ಲ ತುಳುಕಿತು. ಮಂಜುಗಣ್ಣಿಗೂ ಆ ನಡಿಗೆ ಕಂಡಿತು.

"ಹಳೇ ಮ್ಯೂಸಿಕ್ ಯಾರೇ ತೆಗೆದಿದ್ದು?" ಯಜಮಾನರು ಗುಡುಗಿದರು.

"ನಾನೇ ಅಪ್ಪ. ನಿನಗೆ ಪ್ರೀತಿ ಅಂತ ಊರಿನವರೆಲ್ಲ ಎಷ್ಟು ವರ್ಷ ಕೇಳ್ಬೇಕು?"

"ಪ್ರೀತಿನಾ? ಅದು ಕಿವಿಗೆ ಬಿದ್ರೆ ನಂಗೆ ತಲೆ ಚಿಟ್ಟು ಹಿಡಿಯುತ್ತೆ! ರೆಕಾರ್ಡ್ ಅಂಗಡೀಲಿ ದಿನವಿಡೀ ಕೂತು, ಕಂಡ ಕಂಡದ್ದನ್ನೆಲ್ಲ ಕೇಳಿ ಆರಿಸಿ ತಂದೆ. ಇವನ ಕಾಲಿಗೆ ಹೊಂದಿದ್ದು ಅದೊಂದೇ."

ಮಗಳು ಬೆಪ್ಪಾದಳು. "ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಇವನ ಕಿವಿಗೂ ಬೀಳ್ತಿತ್ತು. ಬಿದ್ದ ದಿನವೇ ಕೆಲಸ ಬಿಟ್ಟು ಹೋಗಿರೋನು, ಜಂಬದ ಆಸಾಮಿ!" ಅಂದವರು, ಆಸಾಮಿ ಪಕ್ಕದಲ್ಲೇ ನಿಂತಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಕಾಲ ಜಾಣತನದಿಂದ ಮುಚ್ಚಿಟ್ಟೆ ಅಂತ ಬೀಗುತ್ತಿದ್ದರಲ್ಲ, ಮುಚ್ಚಿಟ್ಟವರು ಬೇರೆಯವರು! ಆಮೇಲೆ, ಈ ಮನುಷ್ಯ ದಿನಾ ಗಲ್ಲಾದಲ್ಲಿ ಕೂತು ತಲೆಚಿಟ್ಟು ಹಿಡಿಸಿಕೊಂಡದ್ದು ನೆನೆದು ಸಿಟ್ಟೆಲ್ಲ ಅಳುವಾಯಿತು. ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು.

ಮಗಳು ಹಳೆಯದನ್ನು ಹಾಕಲು ಎದ್ದು ಓಡಿದಳು.

"ಬೇಡ ಪುಟ್ಟೀ," ಮೇಷ್ಟ್ರು ತಡೆದರು. "ಅಪ್ಪಾವ್ರು ಇವತ್ತಾದ್ರೂ ನೆಮ್ಮದಿಯಾಗಿ ಉಣ್ಲಿ."

"ಮತ್ತೆ ನೀವು, ಮಾಮಾ?"

"ನಂಗೇನು? ಆ ಕುರ್ಚಿ ಮೇಲೆ ನಿನ್ನ ಸೋಮಾರಿ ಗಂಡನ್ನ ಕೂರ್ಸು, ಅವನಿಗೆ ಒಪ್ಪುತ್ತೆ." ತುಳುಕಿದ ಸೂಪನ್ನು ಎತ್ತಿಕೊಂಡರು. "ಬೇರೆ ತರ್ತೀನಿ ಯಜಮಾನ್ರೇ."

ಊಟದ ಕೋಣೆ ತುಂಬಿತ್ತು. ಮೇಷ್ಟ್ರು ತಾಳ ಹುಡುಕಲಿಲ್ಲ, ಭುಜ ಸಂಭಾಳಿಸಲಿಲ್ಲ. ಅಷ್ಟು ಜನರ ಎದುರಿಗೇ ಕುಂಟಿಕೊಂಡು ಅಡುಗೆಮನೆಗೆ ನಡೆದರು.